ಇಷ್ಟು ಮಳೆ ಬಿದ್ದರೂ ಸ್ಕಾಟ್ಲೆಂಡಿನ ಬೆಟ್ಟಗಳೇಕೆ ಬೋಳು?

ಎಡಿನ್‌ಬರೋದಿಂದ ಇನ್ವರ್ನೆಸ್‌ಗೆ ಹೋಗುವಾಗ ಸಿಗುವ ಎ9 ಹೆದ್ದಾರಿಯು ಪಿಟ್ಲಾಕ್ರಿಯನ್ನು ದಾಟಿದ ಮೇಲೆ ಡ್ರಮಾಕ್ಟರ್ ಎಂಬ ಘಟ್ಟವನ್ನು ಏರತೊಡಗುತ್ತದೆ. ಸಮುದ್ರಮಟ್ಟದಿಂದ ಸುಮಾರು 460 ಮೀಟರ್ ಎತ್ತರದ ಈ ಜಾಗದ ಎರಡೂ ಬದಿಗಳಲ್ಲಿ ಬೆಟ್ಟಗಳಿವೆ, ತೊರೆಗಳಿವೆ, ತಲೆಗೆ ತಾಗುವಂತೆ ಇಳಿದ ಮೋಡವಿದೆ. ಮರ ಮಾತ್ರ ಕಾಣುವುದಿಲ್ಲ. ಊರಿನಿಂದ ಬಂದ ನೆಂಟರು ಯಾರೇ ಆಗಿರಲಿ, ಆ ಪ್ರಶ್ನೆ ಹೊರಡುವುದು ಇಲ್ಲಿಯೇ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಸಾಗರದ ಚಿಕ್ಕಮ್ಮ ಕೇಳಿದ್ದೂ ಅದನ್ನೇ: "ಇಷ್ಟು ಮಳೆ ಬರ್ತದೆ ಅಂತೀಯ, ಗುಡ್ಡದ ಮೇಲೆ ಒಂದು ಮರವೂ ಇಲ್ವಲ್ಲ ಮಾರಾಯ?"

ಮಲೆನಾಡಿನವರ ಲೆಕ್ಕದಲ್ಲಿ ಮಳೆ ಎಂದರೆ ಕಾಡು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆಯಾಗುವ ಜಾಗಗಳಿರುವುದರಿಂದ ಅವರ ಅನುಮಾನ ಸರಿಯಾದದ್ದೇ. "ಇದು ಇಲ್ಲಿನ ಪ್ರಕೃತಿ, ಮೊದಲಿನಿಂದಲೂ ಹೀಗೆಯೇ" ಎಂದು ನಾನೂ ಕೆಲವು ವರ್ಷ ಉತ್ತರ ಕೊಟ್ಟಿದ್ದೇನೆ. ಆ ಉತ್ತರ ತಪ್ಪು. ಪ್ರವಾಸಿಗರು ಮನುಷ್ಯರ ಕೈ ಸೋಂಕದ ಕಾಡುಭೂಮಿಯೆಂದು ಕ್ಯಾಮೆರಾ ಹಿಡಿಯುವ ಈ ಬಯಲು ಬಹುಮಟ್ಟಿಗೆ ಮನುಷ್ಯರೇ ಬರಿದು ಮಾಡಿದ್ದು.

ಎಲ್ಲವನ್ನೂ ಮನುಷ್ಯರ ತಲೆಗೆ ಕಟ್ಟುವಂತಿಲ್ಲ, ನಿಜ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಹವೆಯು ಮತ್ತಷ್ಟು ಒದ್ದೆಯಾದಾಗ ನೀರು ನಿಂತ ನೆಲದಲ್ಲಿ ಪಾಚಿಯು ಕೊಳೆಯದೆ ಪದರಪದರವಾಗಿ ಕೂಡಿಕೊಂಡು ಪೀಟ್ ಎಂಬ ಕಪ್ಪು ಮಣ್ಣಾಯಿತು. ಅಂತಹ ನೆಲದಲ್ಲಿ ಪೈನ್ ಮರ ನಿಲ್ಲುವುದಿಲ್ಲ. ಒಲೆಗಾಗಿ ಪೀಟ್ ಕಡಿಯುವವರಿಗೆ ಇಂದಿಗೂ ಒಮ್ಮೊಮ್ಮೆ ಅಡಿಯಲ್ಲಿ ಆ ಕಾಲದ ಪೈನ್ ಬೊಡ್ಡೆಗಳು ಬೇರಿನ ಸಮೇತ ಸಿಗುತ್ತವೆ. ಅನಂತರದ ಶತಮಾನಗಳಲ್ಲಿ ಬೇಸಾಯ, ಸೌದೆ, ದನಕರುಗಳ ಮೇವು ಎಂದು ಉಳಿದ ಕಾಡು ಸವೆಯುತ್ತ ಬಂದಿತು. ಇಂಗ್ಲಿಷರು ಹಡಗು ಕಟ್ಟಲು ಎಲ್ಲವನ್ನೂ ಕಡಿದುಕೊಂಡು ಹೋದರು ಎಂಬ ಮಾತನ್ನು ಇಲ್ಲಿ ಬಹಳ ಜನ ಹೇಳುತ್ತಾರೆ. ಕೇಳುವುದಕ್ಕೆ ಹಿತವಾಗಿದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಆ ಹೊತ್ತಿಗಾಗಲೇ ಕಾಡು ತೆಳ್ಳಗಾಗಿತ್ತು. ಕಡಿದ ಕಾಡು ಬಿಟ್ಟರೆ ಮತ್ತೆ ಚಿಗುರುತ್ತದೆ. ಚಿಗುರಲು ಬಿಡಲಿಲ್ಲ ಎಂಬುದೇ ಮುಖ್ಯವಾದ ಸಂಗತಿ, ಮತ್ತು ಅದು ಕುರಿಗಳಿಂದ ಆರಂಭವಾಗುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಉಣ್ಣೆಗೂ ಮಾಂಸಕ್ಕೂ ಬೆಲೆ ಏರಿದಾಗ, ಕಣಿವೆಗಳಲ್ಲಿ ಓಟ್ಸ್, ಬಾರ್ಲಿ ಬೆಳೆದು ಕಪ್ಪು ದನಗಳನ್ನು ಸಾಕಿಕೊಂಡಿದ್ದ ಗೇಣಿದಾರರಿಗಿಂತ ಶೆವಿಯಟ್ ಕುರಿಗಳ ಹಿಂಡೇ ಲಾಭವೆಂದು ಭೂಮಾಲೀಕರಿಗೆ ತೋರಿತು. ಊರುಗಳನ್ನು ತೆರವು ಮಾಡಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ನಡೆಯಿತು. ಇತಿಹಾಸದಲ್ಲಿ ಅದಕ್ಕೆ ಹೈಲ್ಯಾಂಡ್ ಕ್ಲಿಯರೆನ್ಸಸ್ ಎಂದು ಹೆಸರು. ಸದರ್ಲೆಂಡ್ ಪ್ರಾಂತ್ಯದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಮನೆಗಳ ಸೂರಿಗೇ ಬೆಂಕಿ ಇಡಲಾಯಿತು. ಕಾರಣ ಸರಳ: ಮರ ಸುಲಭವಾಗಿ ಸಿಗದ ಆ ನಾಡಿನಲ್ಲಿ ಸೂರಿನ ತೊಲೆ ಸುಟ್ಟುಹೋದರೆ ಮತ್ತೆ ಮನೆ ಕಟ್ಟಿಕೊಳ್ಳಲಾಗುವುದಿಲ್ಲ. 1814ರಲ್ಲಿ ಆ ಕೆಲಸ ಮಾಡಿಸಿದ ಎಸ್ಟೇಟಿನ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್‌ನ ಮೇಲೆ 1816ರಲ್ಲಿ ವಿಚಾರಣೆ ನಡೆದು, ಅವನು ನಿರ್ದೋಷಿಯೆಂದು ಬಿಡುಗಡೆಯಾದನು.

ಸಮಯವಿದ್ದ ನೆಂಟರನ್ನು ನಾನು ಕ್ರೋಯಿಕ್ ಎಂಬಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆರ್ಡ್‌ಗೇ ಊರಿನಿಂದ ಕಿರಿದಾದ ದಾರಿಯಲ್ಲಿ ಸುಮಾರು ಹತ್ತು ಮೈಲಿ ಒಳಗಿರುವ ಒಂದು ಪುಟ್ಟ ಚರ್ಚು ಅದು. 1845ರ ಮೇ ತಿಂಗಳಲ್ಲಿ ಪಕ್ಕದ ಗ್ಲೆನ್‌ಕ್ಯಾಲ್ವಿ ಕಣಿವೆಯಿಂದ ಹೊರಹಾಕಲ್ಪಟ್ಟ ಎಂಬತ್ತರಷ್ಟು ಜನ, ಮಕ್ಕಳು ಮುದುಕರು ಸೇರಿ, ಈ ಚರ್ಚಿನ ಸ್ಮಶಾನದಲ್ಲಿ ಕಂಬಳಿ ಟಾರ್ಪಾಲುಗಳನ್ನು ಗಳಗಳಿಗೆ ಕಟ್ಟಿಕೊಂಡು ತಂಗಿದ್ದರು. ಒಳಗೆ ಮಲಗಿದರೆ ದೇವರ ಮನೆಗೆ ಮೈಲಿಗೆಯಾದೀತೆಂದು ಹೊರಗೇ ಉಳಿದರಂತೆ. ಪೂರ್ವದ ಕಿಟಕಿಯ ವಜ್ರಾಕಾರದ ಗಾಜಿನ ಚೂರುಗಳ ಮೇಲೆ ಹೊರಗಿನಿಂದಲೇ ಅವರು ಗೀಚಿದ ಸಾಲುಗಳು ಈಗಲೂ ಇವೆ. ಬೆಳಕು ಓರೆಯಾಗಿ ಬೀಳುವಂತೆ ತಲೆಯನ್ನು ಅತ್ತಿತ್ತ ಸರಿಸಿದರೆ ಮಾತ್ರ ಕೂದಲೆಳೆಯಷ್ಟು ತೆಳುವಾದ ಅಕ್ಷರಗಳು ಕಾಣುತ್ತವೆ. ಒಂದು ಚೂರಿನಲ್ಲಿ "ಗ್ಲೆನ್‌ಕ್ಯಾಲ್ವಿಯ ಜನ, ದುಷ್ಟ ಸಂತತಿ" ಎಂದಿದೆ. ಅವರು ಬೈದದ್ದು ಒಡೆಯನನ್ನಲ್ಲ, ತಮ್ಮನ್ನೇ. ಬಂದ ಕಷ್ಟವೆಲ್ಲ ತಮ್ಮ ಪಾಪದ ಫಲವೆಂದುಕೊಂಡಿದ್ದರು. ಮನೆಯಲ್ಲಿ ಗೇಲಿಕ್ ಆಡುತ್ತಿದ್ದ ಆ ಜನ ಬರೆದದ್ದು ಇಂಗ್ಲಿಷಿನಲ್ಲಿ ಎಂಬುದನ್ನೂ ಗಮನಿಸಬೇಕು.

ಸ್ಕಾಟ್ಲೆಂಡ್ ಎಂದೊಡನೆ ನಮ್ಮವರಿಗೆ ನೆನಪಾಗುವ ಚೌಕುಳಿ ಬಟ್ಟೆಯ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. 1746ರಲ್ಲಿ ಕಲ್ಲೋಡನ್ ಕಾಳಗದಲ್ಲಿ ಬಂಡೆದ್ದ ಹೈಲ್ಯಾಂಡಿನವರು ಸರ್ಕಾರದ ಸೈನ್ಯಕ್ಕೆ ಸೋತ ನಂತರ ಹೈಲ್ಯಾಂಡ್ ಉಡುಪನ್ನು ಕಾನೂನಿನ ಮೂಲಕ ನಿಷೇಧಿಸಲಾಯಿತು. 1782ರವರೆಗೂ ಆ ನಿಷೇಧವಿತ್ತು. ಬ್ರಿಟಿಷ್ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. (1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಗಳಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು, ಈ ಕಣಿವೆಗಳ ಹೆಸರು ನಮ್ಮ ಕಡೆಗೆ ಮೊದಲು ಬಂದದ್ದು ಬಂದೂಕಿನ ಜೊತೆಗೆ.) 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಸಾಹಿತಿ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸ್ವಾಗತದಲ್ಲಿ ಊರೆಲ್ಲ ಚೌಕುಳಿಮಯವಾಯಿತು, ದೊರೆಯೇ ಕಿಲ್ಟ್ ಎಂಬ ಚೌಕುಳಿ ಲಂಗ ಉಟ್ಟನು. ಸ್ಟ್ರಾತ್‌ನೇವರ್‌ನ ಮನೆಗಳು ಉರಿದು ಆಗ ಮೂರೇ ವರ್ಷವಾಗಿತ್ತು. ಉಟ್ಟವರನ್ನು ಓಡಿಸಿ ಉಡುಪನ್ನು ಉಳಿಸಿಕೊಂಡರು ಎಂದರೆ ಸ್ವಲ್ಪ ಕಟುವಾದೀತೇನೋ. ಆದರೂ ನನಗೆ ಹಾಗೆಯೇ ಅನ್ನಿಸುತ್ತದೆ.

ಕುರಿಯ ಲಾಭ ಇಳಿದ ಮೇಲೆ ಜಿಂಕೆಯ ಕಾಲ ಬಂದಿತು. ವಿಕ್ಟೋರಿಯಾ ರಾಣಿಯ ಮನೆತನ 1852ರಲ್ಲಿ ಬಾಲ್ಮೋರಲ್ ಎಸ್ಟೇಟನ್ನು ಕೊಂಡದ್ದರಿಂದ ಬೇಟೆಗೆ ಇನ್ನಷ್ಟು ಪ್ರತಿಷ್ಠೆ ಬಂದು, ಕುರಿ ಮೇಯುತ್ತಿದ್ದ ಬೆಟ್ಟಗಳು ಸಾಹುಕಾರರ ಬೇಟೆಯ ಎಸ್ಟೇಟುಗಳಾದವು. ತೋಳ ಅಷ್ಟರಲ್ಲಿ ಅಳಿದುಹೋಗಿದ್ದುದರಿಂದ ಕೆಂಜಿಂಕೆಗಳ ಸಂಖ್ಯೆ ಬೆಳೆಯಿತು. ಇವತ್ತಿಗೂ ಸ್ಕಾಟ್ಲೆಂಡಿನ ಖಾಸಗಿ ಗ್ರಾಮೀಣ ಭೂಮಿಯ ಅರ್ಧದಷ್ಟು ಐನೂರಕ್ಕೂ ಕಡಿಮೆ ಒಡೆಯರ ಕೈಯಲ್ಲಿದೆ. 1900ರ ಹೊತ್ತಿಗೆ ಕಾಡು ಶೇ. 5ರ ಆಸುಪಾಸಿಗೆ ಇಳಿದಿತ್ತು, ಈಗ ಶೇ. 18ನ್ನು ದಾಟಿದೆ ಎಂದರೂ ಅದರಲ್ಲಿ ಬಹುಪಾಲು ಅಮೆರಿಕದ ಕರಾವಳಿಯಿಂದ ತಂದ ಸಿಟ್ಕಾ ಸ್ಪ್ರೂಸ್ ಮೊದಲಾದ ನೆಡುತೋಪುಗಳು. ನಮ್ಮ ಅಕೇಶಿಯಾ ಪ್ಲಾಂಟೇಶನ್ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಎಲ್ಲವನ್ನೂ ಒಂದೇ ಮರದಲ್ಲಿ ತೋರಿಸಬಹುದು. ರೋವನ್ ಎಂಬ ಚಿಕ್ಕ ಮರ, ಶರತ್ಕಾಲದಲ್ಲಿ ಕೆಂಪು ಹಣ್ಣಿನ ಗೊಂಚಲು ಬಿಡುತ್ತದೆ. ಮಾಟಗಾತಿಯರ ದೃಷ್ಟಿ ತಾಗದಿರಲೆಂದು ಹೈಲ್ಯಾಂಡಿನವರು ಅದನ್ನು ಮನೆಯ ಬಾಗಿಲ ಬಳಿ ನೆಡುತ್ತಿದ್ದರು, ಅದಕ್ಕೆ ಕೊಡಲಿ ಹಾಕುವುದು ಅಪಶಕುನವೆಂದು ನಂಬಿದ್ದರು. ಹಾಗಾಗಿ ಬೋಳು ಕಣಿವೆಯಲ್ಲಿ ಒಂಟಿ ರೋವನ್ ಕಂಡರೆ ಅದರ ಬುಡದಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆ ಇದೆಯೇ ಎಂದು ನೋಡಬೇಕು. ಎಷ್ಟೋ ಸಲ ಇರುತ್ತದೆ. ರೋವನ್ ಕಾಣುವ ಇನ್ನೊಂದು ಜಾಗ ಹೊಳೆಯ ನಡುವಿನ ಬಂಡೆಯ ನೆತ್ತಿ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಒಂದು ಹಿಡಿ ಪಾಚಿಯಲ್ಲಿ ಬೇರೂರಿ ಮರವಾಗಿರುತ್ತದೆ, ಏಕೆಂದರೆ ಅಲ್ಲಿಗೆ ಕುರಿಯ ಬಾಯಿಯಾಗಲಿ ಜಿಂಕೆಯ ಬಾಯಿಯಾಗಲಿ ಎಟಕುವುದಿಲ್ಲ. ದಡದ ಒಳ್ಳೆಯ ಮಣ್ಣಿನಲ್ಲಿ ಅದರ ಒಂದು ಸಸಿಯೂ ಇರುವುದಿಲ್ಲ. ಮಳೆಯದಾಗಲಿ ಮಣ್ಣಿನದಾಗಲಿ ತಪ್ಪಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಇಷ್ಟನ್ನು ಹೇಳಿ ಮುಗಿಸುವ ವೇಳೆಗೆ ಕಾರು ಘಟ್ಟ ಇಳಿದು ಕಿಂಗ್ಯೂಸಿಯ ಬಳಿ ಬಂದಿರುತ್ತದೆ. ಗೇಲಿಕ್‌ನಲ್ಲಿ ಆ ಊರಿನ ಹೆಸರಿಗೆ ಪೈನ್ ಕಾಡಿನ ತಲೆ ಎಂದು ಅರ್ಥ. ಕಾಡು ಎಲ್ಲಿತ್ತೆಂಬುದನ್ನು ಊರಿನ ಹೆಸರೇ ಬಚ್ಚಿಟ್ಟುಕೊಂಡಿದೆ. ಅಲ್ಲಿಂದ ಸ್ವಲ್ಪ ಮುಂದೆ ಅವಿಮೋರ್‌ನ ಪಕ್ಕದ ರಾಥಿಮರ್ಕಸ್‌ನಲ್ಲಿ ಕ್ಯಾಲಿಡೋನಿಯನ್ ಎಂಬ ಹಳೆಯ ಪೈನ್ ಕಾಡಿನ ತುಣುಕೊಂದು ಉಳಿದಿದೆ. ಇಂತಹ ಪೈನ್ ಕಾಡುಗಳು ದೇಶದಲ್ಲಿ 84 ಎಂದು ಪಟ್ಟಿಯಾಗಿವೆ. ಕೆಂಪು ತೊಗಟೆಯ ದಪ್ಪ ಮರಗಳು, ಕೆಳಗೆ ಮೊಣಕಾಲುದ್ದದ ಹೀದರ್ ಪೊದೆ, ಸೂಜಿಯೆಲೆ ಪೇರಿಸಿ ಇರುವೆಗಳು ಕಟ್ಟಿದ ಗೂಡು. ಚಿಕ್ಕಮ್ಮ ಒಂದು ಹಿಡಿ ಸೂಜಿಯೆಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿದರು. ಹಂದಿ ಮತ್ತು ಮಂಗಗಳಿಂದ ಅಡಿಕೆ ತೋಟ ಕಾಯ್ದುಕೊಂಡೇ ಅರ್ಧ ಆಯುಷ್ಯ ಕಳೆದ ಅವರು ಅನಂತರ ಕೇಳಿದ್ದು ಒಂದೇ: "ಜಿಂಕೆ ಹಾರದೇ ಇರ್ಬೇಕಾದ್ರೆ ಬೇಲಿ ಎಷ್ಟೆತ್ತರ ಬೇಕು?"

ಆರು ಅಡಿಯಾದರೂ ಬೇಕು ಎಂದೆ. ಆದರೆ ಆ ತಂತಿಬೇಲಿಗೆ ಕ್ಯಾಪರ್‌ಕೇಲಿ ಎಂಬ ಅಪರೂಪದ ಕಾಡುಕೋಳಿ ಹಾರಿಬಂದು ಬಡಿದು ಸಾಯುತ್ತದೆ. ಅದಕ್ಕಾಗಿ ಕೆಲವೆಡೆ ಬೇಲಿ ಕಿತ್ತು, ಜಿಂಕೆಗಳನ್ನೇ ಕಡಿಮೆ ಮಾಡುತ್ತಾರೆ. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜಿಂಕೆಗಳನ್ನು ಹೊಡೆಯುತ್ತಾರೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಂಗಕ್ಕೆ ಬೇಲಿಯೂ ಆಗುವುದಿಲ್ಲ ಎಂದು ಕಾರಿನ ಕಡೆ ನಡೆದರು.