ಮೆಣಸಿನಕಾಯಿ ಉರಿ, ದೇವಸಹಾಯಣ್ಣ ಮತ್ತು ನಮ್ಮಜ್ಜಿ

ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಪುಲಿಯೂರ್‌ಕುರಿಚ್ಚಿಯಲ್ಲಿ, ಸಂತ ದೇವಸಹಾಯಂ ಹೆಸರಿನ ಬಂಡೆಯ ನೀರು ಅಂಗೈಗೆ ತಗೊಂಡಾಗ ನನಗೆ ಮೊದಲು ನೆನಪಾದದ್ದು ಅಜ್ಜಿಯ ಕೈ.

ಅಜ್ಜಿ ವರ್ಷಕ್ಕಾಗುವಷ್ಟು ಖಾರದಪುಡಿಯನ್ನು ಒರಳಲ್ಲೇ ಕುಟ್ಟುತ್ತಿದ್ದರು. ರಾತ್ರಿ ಕೈ ಉರಿ ತಡೆಯಲಾರದೆ ಕೊಬ್ಬರಿ ಎಣ್ಣೆ ಸವರಿಕೊಂಡು, ಜಪಸರ ಹಿಡಿದು ಗೋಡೆಗೆ ಒರಗಿ ಕೂತಿರುತ್ತಿದ್ದರು. "ಇಷ್ಟಕ್ಕೇ ನಂಗೆ ನಿದ್ದೆ ಇಲ್ಲ ಮಗಾ, ಆ ದೇವಸಹಾಯಣ್ಣನ ಗಾಯಕ್ಕೆಲ್ಲ ಇದನ್ನೇ ಮೆತ್ತಿದ್ರಂತೆ" ಅನ್ನೋರು. ಯಾವಾಗಲೋ ನಮ್ಮೂರಿಗೆ ಬಂದಿದ್ದ ತಮಿಳು ಸಿಸ್ಟರ್ ಒಬ್ಬರು ಹೇಳಿದ ಕಥೆ ಅದು. ಆಗಿನ್ನೂ ದೇವಸಹಾಯಂ ಸಂತರಾಗಿರಲಿಲ್ಲ. ಅಜ್ಜಿಗೆ ಅದೆಲ್ಲ ಬೇಕೂ ಇರಲಿಲ್ಲ, ಮನೆಯ ಹಿರಿಮಗನ ಹಾಗೆ ಅಣ್ಣ ಅಂತಲೇ ಕರೆಯುತ್ತಿದ್ದರು.

ಅವರು ಫಾದರೂ ಅಲ್ಲ, ಬ್ರದರೂ ಅಲ್ಲ, ಹೆಂಡತಿ ಇದ್ದ ಸಂಸಾರಸ್ಥರು. 1712ರಲ್ಲಿ ನಟ್ಟಾಲಂನಲ್ಲಿ ಹುಟ್ಟಿದ ನೀಲಕಂಠ ಪಿಳ್ಳೆ, ತಿರುವಾಂಕೂರಿನ ಮಾರ್ತಾಂಡ ವರ್ಮ ಮಹಾರಾಜರ ಆಸ್ಥಾನದಲ್ಲಿ ಅಧಿಕಾರಿ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕು, ಆಮೇಲೆ ರಾಜರ ಸೈನ್ಯಕ್ಕೇ ಸೇರಿದ ಡಚ್ಚರ ಡಿ ಲನಾಯ್ ಇವರಿಗೆ ಗೆಳೆಯರಾದರು. ಮನೆಯಲ್ಲಿ ಕಷ್ಟದ ಮೇಲೆ ಕಷ್ಟ ಬಂದು ಕುಗ್ಗಿ ಹೋಗಿದ್ದವರಿಗೆ ಆ ಗೆಳೆಯ ಬೈಬಲಿನ ಯೋಬನ ಕಥೆ, ಎಲ್ಲ ಕಳಕೊಂಡರೂ ದೇವರನ್ನು ಬಿಡದವನ ಕಥೆ, ಹೇಳಿದರಂತೆ. ಸುಮ್ನೆ ಒಂದು ಕಥೆ, ಅಲ್ವಾ? ಅಲ್ಲಿಂದ ಶುರುವಾಗಿ 1745ರಲ್ಲಿ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆಗ ಇಟ್ಟ ಲಾಜರ ಅನ್ನೋ ಹೆಸರೇ ತಮಿಳಲ್ಲಿ ದೇವಸಹಾಯಂ ಆಯಿತು.

1749ರಲ್ಲಿ ರಾಜರ ಕಡೆಯವರು ಅವರನ್ನು ಹಿಡಿದರು. ಎಮ್ಮೆ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಸುತ್ತಿಸಿದರು, ಹೊಡೆದರು, ಗಾಯಕ್ಕೆ ಖಾರ ಹಾಕಿ ಬಿಸಿಲಿಗೆ ಬಿಟ್ಟರು. ಒಂದು ದಿನ, ಎರಡು ದಿನ ಅಲ್ಲ, ಸುಮಾರು 3 ವರ್ಷ! ಯೇಸುವನ್ನು ಬಿಟ್ಟೆ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬಾಯಾರಿ ಸಾಯುವ ಹಾಗಾದಾಗ ಪ್ರಾರ್ಥಿಸಿ ಮೊಣಕೈಯಿಂದ ಬಂಡೆ ಗುದ್ದಿದರಂತೆ, ನೀರು ಬಂತಂತೆ. ಅದೇ ನಾನು ನೀರು ತಗೊಂಡ ಬಂಡೆ, ಮುಟ್ಟಿಡಿಚ್ಚಾನ್ ಪಾರೈ. ಹತ್ತಿರದಲ್ಲೇ ಉದಯಗಿರಿ ಕೋಟೆಯಲ್ಲಿ ಡಿ ಲನಾಯ್ ಸಮಾಧಿ ಇದೆ. ಗೆಳೆಯರಿಬ್ಬರೂ ಇನ್ನೂ ಅಕ್ಕಪಕ್ಕದಲ್ಲೇ ಇದ್ದಾರೆ ಅನ್ನಿಸಿ ಕಣ್ಣು ತುಂಬಿತು.

ಅಲ್ಲಿನ ನೀರು ತಣ್ಣಗಿತ್ತು. ಎಷ್ಟು ತಣ್ಣಗೆ ಅಂತ ಹೇಳೋಕೆ ನನಗೆ ಬರುವುದಿಲ್ಲ. ಆ ರಾತ್ರಿಗಳಲ್ಲಿ ಅಜ್ಜಿಯ ಅಂಗೈಗೆ ಇದನ್ನು ಒಂದು ಹನಿ ಹಾಕಿದ್ದರೆ ಅಂತ ಅಲ್ಲೇ ನಿಂತು ಬಹಳ ಹೊತ್ತು ಅತ್ತೆ.

2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ದೇವಸಹಾಯಂ ಅವರನ್ನು ಸಂತರೆಂದು ಸಾರಿದಾಗ ಆ ಹೆಸರಿನ ಜೊತೆ 'ಪಿಳ್ಳೆ' ಇರಲಿಲ್ಲ. ಜಾತಿಯ ಗುರುತು ಅದು, ಬೇಡ ಅಂತ ಬಿಟ್ಟರು. ಮೇಲುಕೀಳು ನೋಡದೆ ಎಲ್ಲರ ಜೊತೆ ಬೆರೆತವರು ಅವರು. ಆದರೆ ನಾವು? ಚರ್ಚಿನಲ್ಲಿ ಪೂಜೆ ಮುಗಿದು ಹೊರಗೆ ಬರುತ್ತಲೇ "ಹುಡುಗನ ಕಡೆಯವರು ಮೊದಲು ಯಾವ ಜಾತಿಯಂತೆ?" ಅಂತ ಪಿಸುಗುಟ್ಟುತ್ತೇವೆ. ನನ್ನ ಕಿವಿಯಾರೆ ಕೇಳಿದ್ದೇನೆ, ಹೊಟ್ಟೆ ಉರಿಯುತ್ತದೆ. ಅವರ ಹಬ್ಬ ಜನವರಿ 14, ನಮ್ಮ ಸಂಕ್ರಾಂತಿ ಹೊತ್ತಿಗೇ ಬರುತ್ತದೆ. ಎಳ್ಳುಬೆಲ್ಲ ಬೀರುತ್ತೇವೆ, ಒಳ್ಳೆಯದೇ. ಆ ದಿನ ಪೂಜೆಗೆ ಬರುವವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು.

ಕೊಟ್ಟಾರಿನ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನಲ್ಲಿ ಅವರ ಸಮಾಧಿಗೆ ಅಜ್ಜಿಯ ಜಪಸರ ಮುಟ್ಟಿಸಿದೆ. ಕೊನೆಗೆ ಆರಲ್ವಾಯ್‌ಮೊಳಿ ಹತ್ತಿರದ ಕಾಟ್ಟಾಡಿಮಲೈ. 1752ರ ಜನವರಿ 14ರಂದು ಅವರಿಗೆ ಗುಂಡು ಹೊಡೆದ ಜಾಗ. ಅಲ್ಲೊಂದು ಬಂಡೆ ಇದೆ, ಕಲ್ಲಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಪುಟ್ಟ ಕಲ್ಲು ತಗೊಂಡು ನಾನೂ ಒಮ್ಮೆ ಬಡಿದೆ. ಅಜ್ಜಿಗೆ ಕೇಳಿಸಲಿ ಅಂತ ಇನ್ನೊಮ್ಮೆ, ಸ್ವಲ್ಪ ಜೋರಾಗಿ.