ಬಣ್ಣ ಬೆಟ್ಟದಿಂದ ಇಳಿಯುತ್ತದೆ: ಲೇಕ್ ಜಾರ್ಜ್‌ನಲ್ಲಿ ಅಕ್ಟೋಬರ್

ಸೆಪ್ಟೆಂಬರ್ ಮುಗಿಯುತ್ತಾ ಬಂದರೆ ಸಾಕು, ನ್ಯೂಜೆರ್ಸಿ ಕಡೆಯ ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ. "ಪೀಕ್ ಯಾವಾಗ?" ಅಂದರೆ, ಎಲೆಗಳು ಪೂರ್ತಿ ಬಣ್ಣ ತಿರುಗುವ ವಾರ ಯಾವುದು ಅಂತ. ನ್ಯೂಯಾರ್ಕ್ ರಾಜ್ಯದ ಪ್ರವಾಸೋದ್ಯಮದವರು ಇದಕ್ಕೆಂದೇ ಪ್ರತಿ ವಾರ ಒಂದು ವರದಿ, ನಕ್ಷೆ ಹೊರಡಿಸುತ್ತಾರೆ. ಊರೂರಿನ ಸ್ವಯಂಸೇವಕರು ತಮ್ಮ ಕಡೆಯ ಮರಗಳನ್ನು ನೋಡಿ, ಇಷ್ಟು ಪರ್ಸೆಂಟ್ ಬಣ್ಣ ಬಂದಿದೆ ಅಂತ ಬರೆದು ಕಳಿಸುತ್ತಾರೆ. ಜನ ಆ ನಕ್ಷೆ ನೋಡಿಕೊಂಡು ಹೋಟೆಲ್ ಬುಕ್ ಮಾಡುತ್ತಾರೆ. ಒಂದು ವಾರ ಆಚೀಚೆ ಆದರೆ ಏನೋ ಕಳಕೊಂಡವರ ಹಾಗೆ ಒದ್ದಾಡುತ್ತಾರೆ.

ಅದೇ ರಾಜ್ಯದಲ್ಲಿ, ಅದೇ ಹೆಸರಿನ ಸರೋವರದ ದಡದಲ್ಲಿರುವ ಊರು ಲೇಕ್ ಜಾರ್ಜ್‌ಗೆ ಹೋಗುವವರಿಗೆ ಇಷ್ಟು ಒದ್ದಾಟ ಬೇಕಾಗಿಲ್ಲ ಅನ್ನೋದು ನನ್ನ ವಾದ. ಕಾರಣ ಸುಲಭ. ಅಲ್ಲಿನ ಸರೋವರ ಸಮುದ್ರ ಮಟ್ಟದಿಂದ ಸುಮಾರು 320 ಅಡಿ ಎತ್ತರದಲ್ಲಿದೆ. ಊರಿನ ಬೆನ್ನಿಗೇ ಇರುವ ಪ್ರಾಸ್ಪೆಕ್ಟ್ ಬೆಟ್ಟದ ತುದಿ 2,000 ಅಡಿ ದಾಟುತ್ತದೆ. ಮೇಲೆ ಚಳಿ ಬೇಗ ಬರುತ್ತದೆ, ಹಾಗಾಗಿ ಬಣ್ಣವೂ ಅಲ್ಲೇ ಮೊದಲು. ದಡದ ಮರಗಳಿಗೆ ಬೇಸಿಗೆಯಲ್ಲಿ ಕಾದ ನೀರು ಇನ್ನೂ ಕೆಲವು ದಿನ ಬೆಚ್ಚಗಿನ ಗಾಳಿ ಕೊಡುತ್ತಿರುತ್ತದೆ. ಬಣ್ಣ ತುದಿಯಲ್ಲಿ ಶುರುವಾಗಿ ನಿಧಾನಕ್ಕೆ ನೀರಿನ ಕಡೆ ಇಳಿಯುತ್ತದೆ. ನೀವು ಸ್ವಲ್ಪ ಬೇಗ ಹೋದಿರೋ, ಬೆಟ್ಟ ಹತ್ತಿ. ತಡವಾಯಿತೋ, ದಡದಲ್ಲಿರಿ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ, ಕೊಲಂಬಸ್ ಡೇ ರಜೆಗೆ ಸ್ವಲ್ಪ ಮುಂಚೆ, ವಾರದ ನಡುವೆ. ಅಕ್ಟೋಬರಿನ ಎರಡನೇ ಸೋಮವಾರ ಆ ರಜೆ. ಅದಕ್ಕೆ ಅಂಟಿದ ಶನಿವಾರ, ಭಾನುವಾರ ರೂಮು ಸಿಗುವುದು ಕಷ್ಟ, ಸಿಕ್ಕರೂ ರೇಟು ಕೇಳಬೇಡಿ. ನಾನು, ನಮ್ಮೆಜಮಾನರು, ಊರಿಂದ ಬಂದಿದ್ದ ಅತ್ತೆ. ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಹೊರಡುವಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಮ್ಮಾ, ಎಲೆ ಉದುರೋದನ್ನ ನೋಡೋಕೆ ಇನ್ನೂರು ಮೈಲಿ ಹೋಗ್ಬೇಕಾ?"

ಆಲ್ಬನಿ ದಾಟಿ ಒಂದು ಗಂಟೆ ಉತ್ತರಕ್ಕೆ ಹೋದರೆ ಲೇಕ್ ಜಾರ್ಜ್. ನಾರ್ತ್‌ವೇ ಹೆದ್ದಾರಿಯಲ್ಲಿ ಗ್ಲೆನ್ಸ್ ಫಾಲ್ಸ್ ಕಳೆಯುವವರೆಗೂ ಸಪಾಟು ನೆಲ, ಆಮೇಲೆ ಇದ್ದಕ್ಕಿದ್ದಂತೆ ಬೆಟ್ಟಗಳು. ಕಂದು ಹಲಗೆ ಮೇಲೆ ಹಳದಿ ಅಕ್ಷರದ ಬೋರ್ಡುಗಳು ಶುರುವಾದವು ಅಂದರೆ ಆಡಿರಾಂಡ್ಯಾಕ್ ಪಾರ್ಕ್ ಬಂತು ಅಂತ ತಿಳಿಯಿರಿ. 1892ರಲ್ಲಿ ಗುರುತು ಮಾಡಿದ ಈ ಪಾರ್ಕ್ ಸುಮಾರು 60 ಲಕ್ಷ ಎಕರೆ. ಪಾರ್ಕ್ ಅಂದರೆ ಬೇಲಿ, ಗೇಟು, ಟಿಕೆಟ್ ಯಾವುದೂ ಇಲ್ಲ. ಒಳಗೆ ಊರುಗಳಿವೆ, ಅಂಗಡಿಗಳಿವೆ, ಜನರ ಸ್ವಂತ ಜಮೀನೂ ಇದೆ. ಸರ್ಕಾರದ ಪಾಲಿನ ಕಾಡನ್ನು ಮಾತ್ರ ಯಾವತ್ತೂ ಕಾಡಾಗಿಯೇ ಇಡಬೇಕು ಅಂತ 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಬರೆದುಬಿಟ್ಟರು. ಅದನ್ನು ಬದಲಿಸಬೇಕಾದರೆ ಇಡೀ ರಾಜ್ಯದ ಮತದಾರರು ಒಪ್ಪಬೇಕು. ಇವತ್ತು ದಡದ ಮೇಲೆ ಇಷ್ಟು ಮರ ಉಳಿದಿದ್ದರೆ ಅದಕ್ಕೆ ಆ ಒಂದು ಸಾಲು ದೊಡ್ಡ ಕಾರಣ.

ಊರು ಚಿಕ್ಕದು. ಸುಮಾರು ಸಾವಿರ ಜನ ಇರಬಹುದು ಅಷ್ಟೆ. ಆದರೆ ಮುಖ್ಯ ಬೀದಿ ಕೆನಡಾ ಸ್ಟ್ರೀಟ್ ನೋಡಿದರೆ ಹಾಗನ್ನಿಸಲ್ಲ. ಟೀ-ಶರ್ಟ್ ಅಂಗಡಿ, ಫಜ್ ಅಂಗಡಿ, ಮಿನಿ ಗಾಲ್ಫ್, ದೆವ್ವದ ಮೇಣದ ಗೊಂಬೆಗಳ ಮ್ಯೂಸಿಯಂ, ಒಂದರ ಪಕ್ಕ ಒಂದು. ಬೇಸಿಗೆಯಲ್ಲಿ ಇಲ್ಲಿ ಕಾಲಿಡಕ್ಕೂ ಜಾಗ ಇರಲ್ಲ. ಅಕ್ಟೋಬರ್‌ನಲ್ಲಿ ಅರ್ಧ ಅಂಗಡಿಗಳ ಮುಂದೆ "ಸೀಸನ್ ಸೇಲ್" ಬೋರ್ಡು, ಉಳಿದರ್ಧದ ಮುಂದೆ ಕುಂಬಳಕಾಯಿ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಬೀದಿಯಲ್ಲಿ ಒಂದು ಗಂಟೆ ಸಾಕು. ನಾವು ಉಳಿದ ಮೋಟೆಲಿನ ಹೀಟರ್ ರಾತ್ರಿಯಿಡೀ ಕಟಕಟ ಅನ್ನುತ್ತಿತ್ತು. ಹೊರಗೆ ಮೂರ್ನಾಲ್ಕು ಡಿಗ್ರಿ ಚಳಿ ಇದ್ದಿದ್ದರಿಂದ ಯಾರೂ ಅದನ್ನು ಆಫ್ ಮಾಡುವ ಧೈರ್ಯ ಮಾಡಲಿಲ್ಲ.

ಬೆಳಗ್ಗೆ ಮೊದಲು ಬೆಟ್ಟಕ್ಕೆ. ಪ್ರಾಸ್ಪೆಕ್ಟ್ ಬೆಟ್ಟಕ್ಕೆ ಐದೂವರೆ ಮೈಲಿಯ ಟಾರು ರಸ್ತೆ ಇದೆ, ಯುದ್ಧದಲ್ಲಿ ದುಡಿದ ಸೈನಿಕರ ನೆನಪಿಗೆ ಮಾಡಿದ್ದು. 1969ರಿಂದ ಇದೆ. ಕೆಳಗೆ ಕಾರಿಗೊಂದು ಟೋಲ್ ಕೊಟ್ಟು ಹತ್ತಬೇಕು. ಕಾಲಿನಲ್ಲಿ ಶಕ್ತಿ ಇದ್ದವರಿಗೆ ಊರೊಳಗಿನಿಂದಲೇ ಕಾಲುದಾರಿಯೂ ಇದೆ. ಹೆದ್ದಾರಿಯ ಮೇಲೆ ಹಾದುಹೋಗುವ ಚಿಕ್ಕ ಸೇತುವೆ ದಾಟಿ, ಕಡಿದಾದ ಏರು. ಮಂಡಿನೋವಿನ ಅತ್ತೆ ಇದ್ದಿದ್ದರಿಂದ ನಮಗೆ ಕಾರೇ ಗತಿ.

ರಸ್ತೆ ಹತ್ತುತ್ತಾ ಹೋದ ಹಾಗೆ ನನ್ನ ವಾದಕ್ಕೆ ಸಾಕ್ಷಿ ಸಿಗುತ್ತಾ ಹೋಯಿತು. ಟೋಲ್ ಗೇಟಿನ ಹತ್ತಿರ ಮರಗಳು ಇನ್ನೂ ಹಸಿರು, ಅಲ್ಲೊಂದು ಇಲ್ಲೊಂದು ಕೊಂಬೆ ಮಾತ್ರ ಕೆಂಪು. ಅರ್ಧ ದಾರಿಯಲ್ಲಿ ಬರ್ಚ್ ಮರಗಳು ಪೂರ್ತಿ ಹಳದಿ. ಅದರ ಮೇಲೆ ಮೇಪಲ್‌ಗಳು ಕಿತ್ತಳೆ, ಕೆಂಪು. ತುದಿಗೆ ಬರುವಷ್ಟರಲ್ಲಿ ಕೆಲವು ಮರ ಬೋಳು. ನಕ್ಷೆಯವರು ಒಂದು ತಿಂಗಳಲ್ಲಿ ತೋರಿಸುವುದನ್ನು ಐದೂವರೆ ಮೈಲಿಯಲ್ಲಿ ನೋಡಿದ ಹಾಗಾಯಿತು.

ನಡುವೆ ಕಾರು ನಿಲ್ಲಿಸಿ ನೋಡಲು ಜಾಗ ಮಾಡಿದ್ದಾರೆ. ಅಲ್ಲಿ ಅತ್ತೆ ಒಂದು ಹಳದಿ ಎಲೆ ಎತ್ತಿಕೊಂಡರು. ಅಲ್ಲಿಗೆ ಪಾಠ ಶುರು.

"ಈ ಹಳದಿ ಹೊಸದಾಗಿ ಬಂದಿದ್ದಲ್ಲ ಕಣಮ್ಮಾ. ಮೊದಲಿಂದ ಒಳಗೇ ಇತ್ತು. ಪತ್ರಹರಿತ್ತು ಜಾಸ್ತಿ ಇದ್ದಿದ್ರಿಂದ ಕಾಣ್ತಿರ್ಲಿಲ್ಲ ಅಷ್ಟೆ."

"ಮತ್ತೆ ಕೆಂಪು?"

"ಅದು ಬೇರೆ. ಅದನ್ನ ಎಲೆ ಈಗ ತಯಾರು ಮಾಡುತ್ತೆ."

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಹಗಲು ಚಿಕ್ಕದಾಗುತ್ತಾ ಬಂದಾಗ ಮರ ಎಲೆಯ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಬಾಗಿಲು ಹಾಕಿಕೊಳ್ಳುತ್ತದೆ. ಹೊಸ ಪತ್ರಹರಿತ್ತು ಹುಟ್ಟುವುದು ನಿಲ್ಲುತ್ತದೆ, ಇದ್ದದ್ದು ಒಡೆದು ಹೋಗುತ್ತದೆ. ಆಗ ಕೆಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್ ಥರದ ಮರಗಳಲ್ಲಿ ಎಲೆಯೊಳಗೆ ಸಿಕ್ಕಿಕೊಂಡ ಸಕ್ಕರೆಯಿಂದ ಆಂಥೋಸಯನಿನ್ ಅನ್ನುವ ಕೆಂಪು ಬಣ್ಣ ತಯಾರಾಗುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಆದರೆ ನೀರು ಹೆಪ್ಪುಗಟ್ಟುವಷ್ಟು ಅಲ್ಲ, ಹೀಗಿದ್ದರೆ ಕೆಂಪು ಚೆನ್ನಾಗಿ ಬರುತ್ತದೆ. ಅದಕ್ಕೇ ಹಳದಿ ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕೆಂಪಿನದ್ದು ಮಾತ್ರ ವರ್ಷಕ್ಕೊಂದು ಆಟ. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಅಜ್ಜಿಯೊಬ್ಬರು ಅತ್ತೆಯ ಕೈಬೀಸು ನೋಡಿ ನಗುತ್ತಾ ನಿಂತಿದ್ದರು. ಒಂದಕ್ಷರ ಕನ್ನಡ ಬರದಿದ್ದರೂ ಪಾಠ ನಡೀತಿದೆ ಅಂತ ಅವರಿಗೆ ಗೊತ್ತಾಗಿತ್ತು.

ತುದಿಯಲ್ಲಿ ಹಳೇ ಕಬ್ಬಿಣದ ದೊಡ್ಡ ಚಕ್ರಗಳಿವೆ. 1895ರಲ್ಲಿ ಇಲ್ಲಿಗೆ ಕೇಬಲ್ ಎಳೆಯುವ ರೈಲು ಇತ್ತಂತೆ. ಮೇಲೆ ಹೋಟೆಲೂ ಇತ್ತು. ರೈಲು 1903ರಲ್ಲಿ ನಿಂತುಹೋಯಿತು, ಚಕ್ರ ಉಳಿಯಿತು. "ನೂರು ಮೈಲಿ ನೋಟ" ಅಂತ ಈ ಜಾಗಕ್ಕೆ ಹೆಸರು. ಆಕಾಶ ಸ್ವಚ್ಛ ಇದ್ದರೆ ಪೂರ್ವಕ್ಕೆ ವರ್ಮಾಂಟಿನ ಹಸಿರು ಬೆಟ್ಟಗಳು, ಉತ್ತರಕ್ಕೆ ಆಡಿರಾಂಡ್ಯಾಕ್‌ನ ಎತ್ತರದ ಶಿಖರಗಳು ಕಾಣುತ್ತವೆ. ನಮಗೆ ವರ್ಮಾಂಟ್ ಕಂಡಿತು, ಉತ್ತರ ಮಾತ್ರ ಮಂಜು. ಅತ್ತೆಗೆ ದೂರದ ಬೆಟ್ಟಗಳಿಗಿಂತ ಕೆಳಗಿನ ನೀರೇ ಹಿಡಿಸಿತು. 32 ಮೈಲಿ ಉದ್ದ, ಅಗಲ ಎಲ್ಲೂ ಮೂರು ಮೈಲಿಗಿಂತ ಹೆಚ್ಚಿಲ್ಲ. "ಇದು ಕೆರೆ ಅಲ್ಲ, ನದಿ ಇದ್ದ ಹಾಗಿದೆ" ಅಂದರು. ಈ ಸರೋವರದ ನೀರು ಹರಿಯುವುದೂ ಉತ್ತರಕ್ಕೆ. ಟಿಕಂಡರೋಗದ ಹತ್ತಿರ ಇಳಿದು ಶಾಂಪ್ಲೇನ್ ಸರೋವರ ಸೇರಿ, ಅಲ್ಲಿಂದ ಕೆನಡಾಕ್ಕೆ.

ಮಧ್ಯಾಹ್ನ ದೋಣಿ. ಲೇಕ್ ಜಾರ್ಜ್‌ನಲ್ಲಿ ಹಡಗು ಓಡಿಸುವ ಸ್ಟೀಮ್‌ಬೋಟ್ ಕಂಪನಿ 1817ರಿಂದ ಇದೆ. ನಾವು ಹತ್ತಿದ್ದು ಮಿನ್ನೆಹಾಹಾ, ಬಿಳಿ ಮೈ, ಹಿಂದೆ ಕೆಂಪು ಚಕ್ರ. ನಿಜವಾದ ಉಗಿಯಿಂದಲೇ ಓಡುತ್ತದೆ. ಇಂಜಿನ್ ಕೋಣೆಗೆ ಗಾಜು ಹಾಕಿರುವುದರಿಂದ ಒಳಗೆ ನಡೆಯುವುದೆಲ್ಲ ಹೊರಗೆ ನಿಂತು ನೋಡಬಹುದು. ಹೊರಡುವ ಮೊದಲು ಮೇಲಿನ ಅಂತಸ್ತಿನಲ್ಲಿ ಉಗಿಯ ಸೀಟಿಗಳಿಂದ ಹಾಡು ನುಡಿಸುತ್ತಾರೆ. ಊರಿಡೀ ಕೇಳುತ್ತದೆ. ಹತ್ತಿರ ಇದ್ದ ನಾವು ಕಿವಿ ಮುಚ್ಚಿಕೊಂಡೆವು.

ದಡದಿಂದ ಸ್ವಲ್ಪ ದೂರ ಹೋದ ಮೇಲೆ ಗಾಳಿ ಬೇರೆಯೇ. ಊರಲ್ಲಿ ತೆಳು ಸ್ವೆಟರ್ ಸಾಕು ಅನ್ನಿಸಿದ್ದು ಇಲ್ಲಿ ಸುಮ್ನೆ. ಟೋಪಿ, ಶಾಲು ಇಲ್ಲದೆ ಮೇಲಿನ ಡೆಕ್ಕಿನಲ್ಲಿ ಕೂರಬೇಡಿ. ಆದರೆ ಕೂರುವುದಾದರೆ ಅಲ್ಲೇ ಕೂರಬೇಕು. ಬೆಳಗ್ಗೆ ಕಾರಿನಲ್ಲಿ ಹತ್ತಿದ ಬೆಟ್ಟ ಈಗ ಎದುರಿಗೆ ಪೂರ್ತಿ ನಿಂತಿತ್ತು. ತುದಿ ಕಂದು, ನಡು ಕೆಂಪು, ಬುಡ ಹಸಿರು. ಪೈನ್ ಮರಗಳು ಮಾತ್ರ ಎಲ್ಲ ಕಡೆ ತಮ್ಮ ಪಾಡಿಗೆ ಹಸಿರಾಗೇ ಇದ್ದವು. ಅವು ಇಲ್ಲದಿದ್ದರೆ ಕೆಂಪು ಅಷ್ಟು ಎದ್ದು ಕಾಣುತ್ತಿರಲಿಲ್ಲ.

ಈ ಸರೋವರದ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಒಂದು ಶರತ್ಕಾಲದ ಕಥೆ. 1758ರಲ್ಲಿ ಇಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಜಗಳ. ಹಿಂದಿನ ವರ್ಷವಷ್ಟೇ ಫ್ರೆಂಚರು ಇಲ್ಲಿನ ವಿಲಿಯಂ ಹೆನ್ರಿ ಕೋಟೆಯನ್ನು ಮುತ್ತಿ ಹಾಳುಮಾಡಿದ್ದರು. ಈಗ ದಡದಲ್ಲಿ ಕಾಣುವುದು 1950ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಚಳಿಗಾಲ ಬರುತ್ತಿದೆ, ಸೈನ್ಯ ವಾಪಸ್ ಹೋಗಬೇಕು, ದೋಣಿಗಳನ್ನು ಎಲ್ಲಿಡುವುದು? ಬಿಟ್ಟು ಹೋದರೆ ಶತ್ರು ಸುಡುತ್ತಾನೆ. ಬ್ರಿಟಿಷರು ಕಲ್ಲು ತುಂಬಿ ದೋಣಿಗಳನ್ನು ತಾವೇ ಮುಳುಗಿಸಿದರು, ಮುಂದಿನ ವರ್ಷ ಎತ್ತಿಕೊಳ್ಳೋಣ ಅಂತ. "ಲ್ಯಾಂಡ್ ಟಾರ್ಟಸ್" ಅನ್ನುವ ಏಳು ಬದಿಯ ಫಿರಂಗಿ ದೋಣಿ ಮಾತ್ರ ಅಂದುಕೊಂಡಿದ್ದಕ್ಕಿಂತ ಆಳಕ್ಕೆ ಹೋಯಿತು. ಮತ್ತೆ ಸಿಗಲೇ ಇಲ್ಲ. 1990ರಲ್ಲಿ ಸೋನಾರ್ ಹಿಡಿದು ಹುಡುಕಿದವರಿಗೆ ಅದು ನೂರು ಅಡಿಗೂ ಹೆಚ್ಚು ಆಳದಲ್ಲಿ, ನೆಟ್ಟಗೆ ಕೂತಿದ್ದು ಕಂಡಿತು. ತಣ್ಣನೆಯ ನೀರು ಮರವನ್ನು ಕಾಪಾಡಿತ್ತು. "ಅಡಗಿಸಿಟ್ಟಿದ್ದು ತಮಗೇ ಸಿಗದ ಹಾಗೆ ಅಡಗಿಸಿದ್ರಲ್ಲ" ಅಂತ ಅತ್ತೆ ತುಂಬಾ ಹೊತ್ತು ನಗುತ್ತಿದ್ದರು.

ಅಂದ ಹಾಗೆ, ಈ ಊರಿನ ಬ್ರೋಷರುಗಳಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಹೆಸರು ಕಾಣುತ್ತಲೇ ಇರುತ್ತದೆ. 1791ರಲ್ಲಿ ಇಲ್ಲಿಗೆ ಬಂದಿದ್ದ ಆತ, ತಾನು ನೋಡಿದ ಎಲ್ಲ ನೀರಿಗಿಂತ ಇದೇ ಚೆಂದ ಅಂತ ಮಗಳಿಗೆ ಬರೆದಿದ್ದ. ಬಂದಿದ್ದು ಮೇ ತಿಂಗಳಲ್ಲಿ. ಅಕ್ಟೋಬರ್‌ನಲ್ಲಿ ಬಂದಿದ್ದರೆ ಕಾಗದ ಇನ್ನೂ ಉದ್ದ ಆಗಿರುತ್ತಿತ್ತು.

ಮಾರನೇ ದಿನ 9ಎನ್ ರಸ್ತೆಯಲ್ಲಿ ಹತ್ತು ಮೈಲಿ ಉತ್ತರದ ಬೋಲ್ಟನ್ ಲ್ಯಾಂಡಿಂಗ್‌ಗೆ. ನನ್ನ ಕೇಳಿದರೆ ಉಳಿಯಲು ಲೇಕ್ ಜಾರ್ಜ್ ಊರಿಗಿಂತ ಇದು ವಾಸಿ. ಗದ್ದಲ ಕಡಿಮೆ, ನೀರು ಹತ್ತಿರ. ಚಿಕ್ಕ ಸೇತುವೆ ದಾಟಿದರೆ ಗ್ರೀನ್ ದ್ವೀಪದ ಮೇಲೆ ಸಗಮೋರ್ ಹೋಟೆಲ್ ಇದೆ, 1883ರಲ್ಲಿ ಶುರುವಾಗಿ ಎರಡು ಸಲ ಬೆಂಕಿಗೆ ಸುಟ್ಟು ಮತ್ತೆ ಎದ್ದದ್ದು. ಅಲ್ಲಿ ಉಳಿಯುವುದು ನಮ್ಮ ಜೇಬಿಗೆ ಆಗುವ ಮಾತಲ್ಲ. ಊರಿನ ಪಾರ್ಕಿನ ಬೆಂಚಿನಲ್ಲಿ ಕೂತು ಅದೇ ನೀರು ನೋಡುತ್ತಾ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ತಿಂದೆವು.

ಅತ್ತೆಯನ್ನು ಅಲ್ಲೇ ಬಿಸಿಲಿನಲ್ಲಿ ಪುಸ್ತಕದ ಜೊತೆ ಬಿಟ್ಟು ನಾವಿಬ್ಬರು ಪಿನಕಲ್ ಅನ್ನುವ ಚಿಕ್ಕ ಗುಡ್ಡ ಹತ್ತಿ ಬಂದೆವು. ಹೆಚ್ಚು ಹೊತ್ತು ಬೇಕಿಲ್ಲ, ಆದರೆ ಏರು ಸ್ವಲ್ಪ ಚುರುಕು. ಒಂದು ಎಚ್ಚರಿಕೆ: ಈ ಕಾಲದಲ್ಲಿ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಒಣಗಿದ ಎಲೆ, ಅದರ ಕೆಳಗೆ ಉರುಳುವ ಓಕ್ ಕಾಯಿಗಳು, ಅದರ ಕೆಳಗೆ ಕಾಣದ ಬೇರು. ಒಳ್ಳೆ ಹಿಡಿತದ ಶೂ ಬೇಕು. ಅಕ್ಟೋಬರ್ ಕೊನೆಗೆ ಇಲ್ಲಿ ಜಿಂಕೆ ಬೇಟೆಯ ಬಂದೂಕಿನ ಸೀಸನ್ನೂ ಶುರುವಾಗುತ್ತದೆ. ಆಗ ಕಾಡಿಗೆ ಹೋಗುವವರು ಕಿತ್ತಳೆ ಬಣ್ಣದ ಟೋಪಿಯೋ ಜಾಕೆಟ್ಟೋ ಹಾಕಿಕೊಳ್ಳುತ್ತಾರೆ. ನೀವೂ ಹಾಕಿಕೊಳ್ಳಿ, ಅಂಗಡಿಗಳಲ್ಲಿ ಸಿಗುತ್ತದೆ.

ವಾಪಸ್ ಬರುವ ದಿನ ನೇರ ಹೆದ್ದಾರಿ ಹಿಡಿಯದೆ ಪೂರ್ವಕ್ಕೆ, ವರ್ಮಾಂಟ್ ಗಡಿಯ ಕಡೆ ಒಂದು ಸೇಬಿನ ತೋಟಕ್ಕೆ ಹೋದೆವು. ಚೀಲದ ಲೆಕ್ಕದಲ್ಲಿ ದುಡ್ಡು ಕೊಟ್ಟು ನಾವೇ ಕಿತ್ತುಕೊಳ್ಳುವುದು. ಮ್ಯಾಕಿಂಟಾಶ್ ಮರಗಳಲ್ಲಿ ಹಣ್ಣು ಮುಗಿಯುತ್ತಾ ಬಂದಿತ್ತು, ಎಂಪೈರ್ ಮತ್ತು ಕಾರ್ಟ್‌ಲ್ಯಾಂಡ್ ಗೊಂಚಲು ಗೊಂಚಲು. ಎಳೆದು ಕೀಳಬಾರದು. ಹಣ್ಣನ್ನು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಎಳೆದರೆ ಮುಂದಿನ ವರ್ಷದ ಮೊಗ್ಗೂ ಕಿತ್ತು ಬರುತ್ತದೆ. ತೋಟದ ಅಂಗಡಿಯಲ್ಲಿ ಬಿಸಿ ಬಿಸಿ ಸೈಡರ್ ಡೋನಟ್, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದ್ದು. ಅತ್ತೆ ಮೊಟ್ಟೆ ಇದೆಯಾ ಅಂತ ವಿಚಾರಿಸಿದರು. ಇತ್ತು. ಅವರ ಪಾಲಿಗೆ ಬಿಸಿ ಸೇಬಿನ ರಸ, ಅವರ ಪಾಲಿನ ಡೋನಟ್ ಮಗನಿಗೆ. ಹುಳಿ ಇದ್ದ ಮ್ಯಾಕಿಂಟಾಶ್‌ಗಳನ್ನು ಅವರು ಬೇರೆ ಚೀಲದಲ್ಲಿ ಹಾಕಿಸಿದರು. ಮನೆಗೆ ಬಂದ ಮೇಲೆ ಅದರ ಗೊಜ್ಜು ಮಾಡಿದರು, ಬೆಲ್ಲ, ಮೆಣಸಿನಕಾಯಿ ಹಾಕಿ. ಮಾವಿನಕಾಯಿಯದ್ದಕ್ಕಿಂತ ಒಂದು ಕೈ ಕಡಿಮೆ ಅಂತ ಅವರೇ ಮಾರ್ಕ್ಸ್ ಕೊಟ್ಟರು.

ಹೋಗುವವರಿಗೆ ಇಷ್ಟು ಹೇಳಬಹುದು. ಕೊಲಂಬಸ್ ಡೇ ಕಳೆದ ಮೇಲೆ ರೂಮು ಸುಲಭ, ಆದರೆ ಎಷ್ಟೋ ಹೋಟೆಲು, ಅಂಗಡಿಗಳು ಬಾಗಿಲು ಹಾಕಲು ಶುರು ಮಾಡುತ್ತವೆ, ದೋಣಿಗಳ ಸಂಖ್ಯೆಯೂ ಇಳಿಯುತ್ತದೆ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಅಷ್ಟು ಹೊತ್ತಿಗೆ ಬೆಟ್ಟದ ಮೇಪಲ್‌ಗಳು ಬೋಳಾಗಿದ್ದರೂ ದಡದ ಓಕ್ ಮರಗಳು ಇಟ್ಟಿಗೆ ಬಣ್ಣದಲ್ಲಿ ಇನ್ನೂ ಕೆಲವು ದಿನ ಇರುತ್ತವೆ. ಸೈಕಲ್ ಇದ್ದವರು ತೆಗೆದುಕೊಂಡು ಹೋಗಿ. ಊರಿನಿಂದ ಗ್ಲೆನ್ಸ್ ಫಾಲ್ಸ್‌ವರೆಗೆ ಹಳೇ ರೈಲು ದಾರಿಯನ್ನು ಸೈಕಲ್ ದಾರಿ ಮಾಡಿದ್ದಾರೆ. ಫೆಬ್ರವರಿಯಲ್ಲಿ ಇಲ್ಲಿ ಚಳಿಗಾಲದ ಜಾತ್ರೆಯೂ ನಡೆಯುತ್ತದೆ, ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಜನ ಅದರ ಮೇಲೇ ನಡೆದಾಡುತ್ತಾರೆ ಅಂತ ಅತ್ತೆಗೆ ಹೇಳಿದೆ. ಅವರು ವಾಪಸ್ ಟಿಕೆಟ್ ತೆಗೆದು ನೋಡಿದರು. ಜನವರಿಗೆ ಇತ್ತು. "ಒಂದು ತಿಂಗಳು ಮುಂದಕ್ಕೆ ಹಾಕಿಸೋಕೆ ಎಷ್ಟಾಗುತ್ತೆ ಕೇಳಪ್ಪಾ" ಅಂದರು ಮಗನಿಗೆ.