ಸ್ಕಾಲರ್‌ಶಿಪ್ ಅರ್ಜಿ ಹಾಕುವ ಮುನ್ನ

ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳೇ, ಮೊದಲು ಆಧಾರ್ ಕಾರ್ಡನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಓದಿ. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತೊಡಕಾಗಬಹುದು. ಆಧಾರ್ ತಿದ್ದುಪಡಿಗೆ ದಿನ ಹಿಡಿಯುತ್ತದೆ, ಕೊನೆಯ ವಾರಕ್ಕೆ ಬಿಡಬೇಡಿ.

ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ, ಆರ್‌ಡಿಯಿಂದ ಶುರುವಾಗುವ ನಂಬರು ಕೈಯಲ್ಲಿರಲಿ. ಆದಾಯ ಪತ್ರದ ಅವಧಿ 5 ವರ್ಷ. ಪಿಯುಸಿಗೆ ಮಾಡಿಸಿದ್ದು ಡಿಗ್ರಿ ಮುಗಿಯುವ ಮೊದಲೇ ಮುಗಿಯಬಹುದು, ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಶುಲ್ಕದ ರಸೀದಿ, ಅಂಕಪಟ್ಟಿಗಳಿಗೆ ಕಾಲೇಜಿನಲ್ಲೇ ಇ-ದೃಢೀಕರಣ (ಆನ್‌ಲೈನ್‌ನಲ್ಲಿ ದೃಢೀಕರಿಸುವುದು) ಆಗಬೇಕು, ಮೂಲಪ್ರತಿ ಒಯ್ಯಿರಿ.

ಹಣ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಬ್ಯಾಂಕಿನಲ್ಲಿ. ಅರ್ಜಿ ಮಂಜೂರಾದರೂ ದುಡ್ಡು ಬರುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಎಂದೋ ತೆರೆದು ಮರೆತ ಖಾತೆ ಅದಾಗಿದ್ದರೆ, ವಹಿವಾಟಿಲ್ಲದೆ ಸ್ಥಗಿತಗೊಂಡಿದ್ದರೆ, ಹಣ ವಾಪಸ್. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ನೋಡಿ. ಬೇರೆ ಬ್ಯಾಂಕ್ ತೋರಿಸಿದರೆ ಈಗ ಬಳಸುತ್ತಿರುವ ಶಾಖೆಗೆ ಹೋಗಿ ಸೀಡಿಂಗ್ ಫಾರಂ ಕೊಡಿ. ಕೆವೈಸಿ (ಬ್ಯಾಂಕಿನ ಗುರುತು ಪರಿಶೀಲನೆ) ಮಾಡಿಸಿದ ಮಾತ್ರಕ್ಕೆ ಈ ಜೋಡಣೆ ಆಗುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಕೂಲಿ ಬಿಟ್ಟು ಮಗಳ ಜೊತೆ ಬ್ಯಾಂಕಿಗೆ ಬರುವ ಅಪ್ಪನಿಗೆ ಆ ಒಂದು ದಿನವೇ ದುಬಾರಿ. ಒಂದೇ ಸಲಕ್ಕೆ ಕೆಲಸ ಆಗಲಿ ಅಂತಲೇ ಇಷ್ಟು ಬರೆದದ್ದು.